ಒಂಬತ್ತನೇ ಅಂತಸ್ತಿನ ನಾಲ್ಕು ಬಾಲ್ಕನಿ

ಮೂರು ವರ್ಷದ ಹಿಂದಿನ ಮಾತು. ರಾಯಚೂರು ನಗರದಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಕೆಳಗಿನ ಎರಡು ಅಂತಸ್ತು ಅಂಗಡಿಗಳಿಗೆ, ಮೇಲಿನ ಹನ್ನೆರಡು ಮನೆಗಳಿಗೆ. ಅಲ್ಲಿ ನಾನು ರಾಡು ಕಟ್ಟುವ ತಂಡದ ಮೇಸ್ತ್ರಿ. ಕೈಕೆಳಗೆ ಇಪ್ಪತ್ತೆರಡು ಜನ, ಎಲ್ಲರೂ ನಮ್ಮ ಮಸರಕಲ್ ಮತ್ತು ಗಬ್ಬೂರು ಕಡೆಯವರು, ಬಹುತೇಕ ನೆಂಟರೇ. ಮೂರಂತಸ್ತಿನ ಮೇಲೆ ಯಾರೂ ಕೆಲಸ ಮಾಡಿದವರಲ್ಲ.

ಆ ದಿನಗಳ ಹುರುಪನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಕೆಳಗೆ ಲಾರಿಯಲ್ಲಿ ತಿರುಗುತ್ತಿದ್ದ ಕಾಂಕ್ರೀಟು ಪಂಪಿನ ಪೈಪಿನಲ್ಲಿ ಗುಡುಗುತ್ತ ಮೇಲೆ ಬರುತ್ತಿತ್ತು. ಅದು ನಾವು ಹೆಣೆದ ರಾಡುಗಳ ಮೇಲೆ ಸುರಿಯುವಾಗ ಕಾಲ ಕೆಳಗಿನ ಹಲಗೆಗಳು ನಡುಗುತ್ತಿದ್ದವು. ಒಂದೊಂದು ಸ್ಲ್ಯಾಬ್ ಮುಗಿದಾಗಲೂ ನಾವು ಊರಿಗಿಂತ ಇನ್ನೂ ಹತ್ತು ಅಡಿ ಎತ್ತರ. ಆರನೇ ಅಂತಸ್ತಿನಿಂದ ಬೆಟ್ಟದ ಮೇಲಿನ ಕೋಟೆಯ ಗೋಡೆ ಪೂರ್ತಿ ಕಾಣತೊಡಗಿತು. ಎಂಟನೆಯದರಿಂದ ದೂರದ ವಿದ್ಯುತ್ ಕಾರ್ಖಾನೆಯ ಚಿಮಣಿಗಳು ಕಂಡವು. ನನ್ನ ಅಕ್ಕನ ಮಗ ದುರುಗಪ್ಪ ಫೋನಿನಲ್ಲಿ ಹೆಂಡತಿಗೆ, "ಮೋಡ ಕೈಗೆ ಸಿಗಾಕತ್ಯಾವಬೇ, ಒಂದು ತರ್ಲೇನು?" ಎನ್ನುತ್ತಿದ್ದ.

ಕಟ್ಟಡದ ಲೆಕ್ಕಾಚಾರ ಮಾಡಿದವರು ಮಾನ್ವಿಯ ಹಿರಿಯ ಇಂಜಿನಿಯರ್. ನಾವೆಲ್ಲ ಅವರನ್ನು ಆಚಾರ್ರು ಎನ್ನುತ್ತಿದ್ದೆವು. "ಕೆಳಗ ಅಂಗಡಿ, ಮ್ಯಾಲ ಮನಿ. ನಮ್ಮ ಬಜಾರದಾಗ ಅಜ್ಜನ ಕಾಲದಿಂದ ಇದೇ ಪದ್ಧತಿ ಅದ. ನಾವು ಅದನ್ನ ಮ್ಯಾಲ ಏರಸ್ಲಿಕ್ಕೆ ಹತ್ತೇವಿ, ಅಷ್ಟ" ಎಂದು ನಗುತ್ತಿದ್ದರು. ಅವರದೊಂದು ಕಟ್ಟುನಿಟ್ಟಿನ ರೂಢಿಯಿತ್ತು. ಕಾಂಕ್ರೀಟು ಹಾಕುವ ಮೊದಲು ರಾಡು ಸರಿಯಾಗಿವೆ ಎಂದು ಯಾರು ಸಹಿ ಮಾಡುತ್ತಾರೋ, ಕೆಳಗಿನ ಆಸರೆಗಂಬಗಳಾದ ಪ್ರಾಪ್ ತೆಗೆದ ಮೇಲೆ ಅವರೇ ಮೊದಲು ಆ ಬಾಲ್ಕನಿಯ ತುದಿಗೆ ಹೋಗಿ ನಿಲ್ಲಬೇಕು. ಹಾಗೆ ನಿಲ್ಲುತ್ತಿದ್ದವಳು ನನ್ನ ತಂಗಿ ಲಚ್ಚಿ.

ಲಚ್ಚಿ ಡಿಪ್ಲೊಮಾ ಮುಗಿಸಿ ಅಲ್ಲಿ ಸೈಟ್ ಇಂಜಿನಿಯರ್ ಆಗಿದ್ದಳು. ಸೈಟಿನಲ್ಲಿ ನಾನು ಅವಳಿಗೆ "ಮೇಡಂ" ಎನ್ನುತ್ತಿದ್ದೆ, ಅವಳು ನನಗೆ "ಮೇಸ್ತ್ರಿ" ಎನ್ನುತ್ತಿದ್ದಳು. ಊಟದ ಡಬ್ಬಿ ಮಾತ್ರ ಒಂದೇ.

ನಾನು ಓದಿದ್ದು ನಾಲ್ಕನೆಯ ತನಕ. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಆದರೆ ಡ್ರಾಯಿಂಗ್ ಶೀಟಿನ ಇಂಗ್ಲಿಷ್ ಅಕ್ಷರ, ಗುರುತು ನನಗೆ ತಿಳಿಯುತ್ತಿರಲಿಲ್ಲ. ಇದು ತಂಗಿಗೆ ಮಾತ್ರ ಗೊತ್ತಿತ್ತು. ಅವಳೇ ಒಂದು ಉಪಾಯ ಕಂಡುಹಿಡಿದಳು. ನಮ್ಮದು ಕುರಿ ಕಾಯ್ದ ಮನೆತನ. ಹಿಂಡುಗಳು ಬೆರೆತಾಗ ಗುರುತು ಸಿಗಲೆಂದು ಕುರಿಯ ಬೆನ್ನಿಗೆ ಬಣ್ಣ ಹಚ್ಚುತ್ತೇವೆ. ಅವಳು ಶೀಟಿನ ಮೇಲೆ ಹಾಗೆಯೇ ಬಣ್ಣ ಎಳೆದುಕೊಡುತ್ತಿದ್ದಳು. "ಕೆಂಪು ಅಂದ್ರ ಬೆನ್ನಿನ ರಾಡು, ನೀಲಿ ಅಂದ್ರ ಹೊಟ್ಟಿ ರಾಡು. ಒಂದು ಗೀಟು ಹತ್ತು ಎಂಎಂ, ಎರಡು ಗೀಟು ಹನ್ನೆರಡು." ಎರಡು ಗೋಡೆಗಳ ನಡುವಿನ ಸ್ಲ್ಯಾಬ್‌ಗೆ ಹೊಟ್ಟೆಯ, ಅಂದರೆ ತಳದ ಕಡೆಯ ರಾಡು ಬಲ ಕೊಡುತ್ತದೆ. ಹೊರಗೆ ಚಾಚಿದ ಬಾಲ್ಕನಿಗೆ ಬೆನ್ನಿನ, ಅಂದರೆ ಮೇಲ್ಗಡೆಯ ರಾಡೇ ಜೀವ. ಅದು ಒಳಗಿನ ಕೋಣೆಯ ಸ್ಲ್ಯಾಬ್‌ನಲ್ಲಿ ಆಳವಾಗಿ ಕಚ್ಚಿ ಹಿಡಿದಿರಬೇಕು.

ಹೀಗೆ ಎಂಟು ಅಂತಸ್ತು ಕಟ್ಟಿದೆ. ತಂಡದವರ ಎದುರು ಶೀಟನ್ನು ಅಗಲಕ್ಕೆ ಬಿಚ್ಚಿ, ಹುಬ್ಬು ಗಂಟಿಕ್ಕಿ, ಎಲ್ಲ ಓದಿದವನಂತೆ ನಿಲ್ಲುತ್ತಿದ್ದೆ. "ನಮ್ಮ ಮಾವ ಅರ್ಧ ಇಂಜಿನಿಯರ್" ಎಂದು ದುರುಗಪ್ಪ ಹೇಳಿದಾಗ ಎದೆ ಉಬ್ಬುತ್ತಿತ್ತು.

ಒಂಬತ್ತನೇ ಅಂತಸ್ತಿನಿಂದ ದೊಡ್ಡ ಮನೆಗಳು. ಬಾಲ್ಕನಿ ನಾಲ್ಕು ಅಡಿಯ ಬದಲು ಆರು ಅಡಿ ಚಾಚಬೇಕಿತ್ತು. ಹೊಸ ಶೀಟ್ ಬಂದ ದಿನ ಲಚ್ಚಿ ದೇವದುರ್ಗದಲ್ಲಿದ್ದಳು, ದೊಡ್ಡಪ್ಪನ ಬಸುರಿ ಮೊಮ್ಮಗಳ ಕುಬಸಕ್ಕೆ. ಶೀಟಿನ ಮೇಲೆ ಬಣ್ಣವಿರಲಿಲ್ಲ. ಮರುದಿನವೇ ಕಾಂಕ್ರೀಟು ಹಾಕುವುದೆಂದು ಸೈಟ್ ಇನ್‌ಚಾರ್ಜ್ ಪಂಪು ಗೊತ್ತು ಮಾಡಿಬಿಟ್ಟಿದ್ದರು.

ಸೆಂಟ್ರಿಂಗ್‌ನವರು ಆರು ಅಡಿಗೆ ಹಲಗೆ ಜೋಡಿಸಿದ್ದನ್ನು ನೋಡಿ, ರಾಡು ಎರಡು ಅಡಿ ಹೆಚ್ಚು ಉದ್ದ ಇರಬೇಕು, ಉಳಿದದ್ದು ಹಿಂದಿನಂತೆಯೇ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ. ಎಂಟನೇ ಅಂತಸ್ತಿನ ಬಣ್ಣದ ಶೀಟನ್ನೇ ಮಡಚಿ ಜೇಬಿನಲ್ಲಿಟ್ಟುಕೊಂಡು ಕಟ್ಟಿಸಿದೆ. ನಾಲ್ಕು ಬಾಲ್ಕನಿ ಮುಗಿಯುವ ಹೊತ್ತಿಗೆ ಲಚ್ಚಿಯ ಫೋನ್ ಬಂತು. ಹಿಂದೆ ಹೆಂಗಸರ ಹಾಡು, ನಗು ಕೇಳುತ್ತಿತ್ತು.

"ಅಣ್ಣಾ, ಹೊಸ ಶೀಟ್ ಬಂದದಂತ. ಬೆನ್ನಿನ ರಾಡು ಬದಲಾಗ್ಯಾವ, ನೋಡೀಯಿಲ್ಲ? ಫೋಟೋ ಕಳಸು, ಬಣ್ಣ ಹಚ್ಚಿ ಕಳಸ್ತೀನಿ."

ಸುತ್ತ ಹುಡುಗರು ನಿಂತಿದ್ದರು. ಇನ್‌ಚಾರ್ಜ್ ಪಕ್ಕದಲ್ಲೇ ಇದ್ದರು.

"ನೋಡೀನಿ, ನೋಡೀನಿ. ಎಲ್ಲಾ ಶೀಟ್ ಪ್ರಕಾರ ಅದ. ನನಗೇನ್ ಕಲಸ್ತಿ? ನೀ ಹೋಳಿಗಿ ಉಣ್ಣು ಹೋಗು."

ಯಾರೋ ಓದಿ ಹೇಳಿರಬೇಕೆಂದುಕೊಂಡು ಅವಳು ನಂಬಿದಳು. ಇನ್‌ಚಾರ್ಜ್‌ಗೆ ಫೋನ್ ಮಾಡಿ ಕಾಂಕ್ರೀಟು ಹಾಕಲು ಒಪ್ಪಿಗೆ ಕೊಟ್ಟಳು. ಮರಳಿ ಬಂದ ಮೇಲೆ ಕಾಗದಕ್ಕೆ ಸಹಿಯನ್ನೂ ಮಾಡಿದಳು.

ಕಾಂಕ್ರೀಟು ಹಾಕಿದ ನಾಲ್ಕನೇ ದಿನ ಅಂಗಳದಲ್ಲಿ ಹನ್ನೆರಡು ಎಂಎಂ ರಾಡಿನ ಒಂದು ಕಟ್ಟು ಬಿಚ್ಚದೆ ಬಿದ್ದಿರುವುದು ಕಣ್ಣಿಗೆ ಬಿತ್ತು. ಅದಕ್ಕೆ ಕಟ್ಟಿದ ತಗಡಿನ ಚೀಟಿಯ ಮೇಲೆ '9' ಎಂದಿತ್ತು. ಅಂಕಿ ನನಗೆ ಬರುತ್ತಿತ್ತು. ಆ ರಾಡು ಮೇಲೆ ಕಾಂಕ್ರೀಟಿನೊಳಗೆ ಇರಬೇಕಾಗಿತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕಾಂಕ್ರೀಟು ನೋಡಲು ಗಟ್ಟಿಮುಟ್ಟಾಗಿದೆ, ತಡೆಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹದಿನಾಲ್ಕು ದಿನ ತಂಗಿಯ ಜೊತೆ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದೆ. "ಯಾಕಣ್ಣಾ, ಸಪ್ಪಗಿದ್ದಿ?" ಎಂದು ಅವಳು ಕೇಳಿದಾಗ "ಬಿಸಿಲಬೇ" ಎಂದೆ.

ಪ್ರಾಪ್ ತೆಗೆಯುವ ಬೆಳಿಗ್ಗೆ ಸೈಟಿನಲ್ಲಿ ಎಲ್ಲಿಲ್ಲದ ಸಡಗರ. ಆರು ಅಡಿಯ ಬಾಲ್ಕನಿ ನೋಡಲು ಮನೆ ಕೊಳ್ಳುವವರು ಸಂಸಾರ ಸಮೇತ ಬಂದಿದ್ದರು. ಮಾನ್ವಿಯಿಂದ ಆಚಾರ್ರೂ ಬಂದಿದ್ದರು. ನಾನು ಕೆಲಸದ ನೆಪ ಮಾಡಿ ಅಂಗಳದಲ್ಲೇ ಉಳಿದೆ. ಮೇಲಿನಿಂದ ಸುತ್ತಿಗೆಯ ಸದ್ದು ಬಂತು, ಟಣ್, ಟಣ್. ತಲೆ ಎತ್ತಿದರೆ ಬಾಲ್ಕನಿಯ ಬಾಗಿಲ ಜಾಗದಲ್ಲಿ ಲಚ್ಚಿಯ ಬಿಳಿ ಹೆಲ್ಮೆಟ್.

ಕೂಗಿದೆ. ಮಿಕ್ಸರ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಸಾಮಾನಿನ ಲಿಫ್ಟು ಟೈಲ್ಸ್ ಹೊತ್ತು ನಡುದಾರಿಯಲ್ಲಿತ್ತು. ಮೆಟ್ಟಿಲ ಕಡೆ ಓಡಿದೆ. ಐದನೆಯದರಲ್ಲಿ ಎಡವಿ ಮೊಣಕಾಲು ಒಡೆಯಿತು. ಏಳನೆಯದರಲ್ಲಿ ಸುತ್ತಿಗೆಯ ಸದ್ದು ನಿಂತಿತು. ಆ ಮೌನವೇ ನನ್ನನ್ನು ಮೇಲಕ್ಕೆ ಎಳೆದೊಯ್ದಿತು.

"ಲಚ್ಚೀ, ಕಾಲ್ ಇಡಬ್ಯಾಡಬೇ!"

ಒಂದು ಕಾಲು ಎತ್ತಿದ್ದವಳು ಹಾಗೇ ನಿಂತಳು. ಸೈಟಿನಲ್ಲಿ ನಾನು ಅವಳನ್ನು ಹೆಸರಿನಿಂದ ಕರೆದದ್ದು ಅದೇ ಮೊದಲು.

"ಏನಾತು, ಮೇಸ್ತ್ರಿ?"

"ನಾ ಹೊಸ ಶೀಟ್ ನೋಡಿಲ್ಲ. ನನಗ ಅದು ಓದಾಕ ಬರಂಗಿಲ್ಲ. ಹಳೇ ಬಣ್ಣದ ಮ್ಯಾಲ ಕಟ್ಟೀನಿ, ಎಲ್ಲಾ ಹತ್ತು ಎಂಎಂ."

ದುರುಗಪ್ಪ ಬಾಯಿ ತೆರೆದ. "ಹಂಗಾದ್ರ ಇಷ್ಟ್ ದಿನ ಹಾಳಿ ಹಿಡಕೊಂಡು ಏನ್ ನೋಡ್ತಿದ್ದಿ, ಮಾವ?"



ಆಚಾರ್ರು ಮೊದಲು ಜನರನ್ನು ಹಿಂದೆ ಸರಿಸಿದರು. "ಪ್ರಾಪ್ ಹೊಳ್ಳಿ ಹಚ್ರಿ, ಲಗೂನ" ಎಂದರು. ನಂತರ ಲಚ್ಚಿಯ ಕಡೆ ತಿರುಗಿದರು.

"ಸಹಿ ಯಾರದಮ್ಮಾ?"

"ನಂದು, ಸರ್."

"ನೋಡಿ ಮಾಡಿದ್ಯೋ?"

ನನ್ನ ಫೋನಿನ ಮಾತನ್ನು ಅವಳು ಹೇಳಬಹುದಿತ್ತು. ನನ್ನ ಕಡೆ ನೋಡಲೂ ಇಲ್ಲ. "ಇಲ್ಲ, ಸರ್" ಎಂದಳು.

ಫೋನಿನಲ್ಲಿ ಸುಳ್ಳು ಹೇಳಿದ್ದು ನಾನೇ ಎಂದು ಎಲ್ಲರ ಎದುರು ಕೂಗಿ ಹೇಳಿದೆ. ಕಟ್ಟಡ ಕಟ್ಟಿಸುತ್ತಿದ್ದವರು ಸಹಿಯನ್ನಷ್ಟೇ ನೋಡಿದರು. ಅವಳನ್ನು ಕೆಲಸದಿಂದ ತೆಗೆದರು. ರಾಡು ಕಟ್ಟುವ ತಂಡ ಬೇರೆ ಸಿಗುವುದಿಲ್ಲವೆಂದು ನನ್ನನ್ನು ಇಟ್ಟುಕೊಂಡರು. ನಾಲ್ಕೂ ಬಾಲ್ಕನಿಗಳನ್ನು, ಅವುಗಳಿಗೆ ಅಂಟಿದ ಕೋಣೆಯ ಸ್ಲ್ಯಾಬ್ ಸಮೇತ ಯಂತ್ರ ಹಚ್ಚಿ ಒಡೆದೆವು. ನಾನು ಕಟ್ಟಿದ ಗಂಟುಗಳನ್ನು ನಾನೇ ಕತ್ತರಿಸಿದೆ.

"ಬಾಲ್ಕನಿ ಬೀಳ್ತಿತ್ತೇನ್ರಿ?" ಎಂದು ಆಚಾರ್ರನ್ನು ಕೇಳಿದೆ. "ಒಬ್ಬಾಕಿ ನಿಂತ್ರ ತಡಕೋತಿತ್ತೋ ಏನೋ. ಮದುವಿ ಮನ್ಯಾಗ ಹದಿನೈದು ಮಂದಿ ನಿಂತ್ರ, ಆ ಮಾತು ನನ್ನ ಬಾಯಿಂದ ಕೇಳಬ್ಯಾಡ" ಎಂದರು. ಬಳಿಕ, "ಐತವಾರ ಮಾನ್ವಿಗೆ ಬಾ. ಹಾಳಿ ಓದೋದು ಕಲಸ್ತೀನಿ" ಎಂದರು.

ಹೋದೆ. ಟಿ ಅಂದರೆ ಮೇಲೆ, ಬಿ ಅಂದರೆ ಕೆಳಗೆ. ಸೊನ್ನೆಗೆ ಅಡ್ಡಗೀಟು ಎಳೆದಿದ್ದರೆ ಅದರ ಪಕ್ಕದ ಅಂಕಿ ರಾಡಿನ ದಪ್ಪ. ಇಷ್ಟೆಲ್ಲ ಕಲಿಯಲು ನನಗೆ ಹಿಡಿದದ್ದು ನಾಲ್ಕು ಭಾನುವಾರ. ಆ ನಾಲ್ಕು ಭಾನುವಾರ ನಾನು ಮೊದಲೇ ಕೊಟ್ಟಿದ್ದರೆ ತಂಗಿಯ ಕೆಲಸ ಉಳಿಯುತ್ತಿತ್ತು. ಈಗ ನನ್ನ ತಂಡಕ್ಕೆ ಹೊಸದಾಗಿ ಯಾರು ಬಂದರೂ ಮೊದಲ ದಿನವೇ ಶೀಟ್ ಕೈಗೆ ಕೊಟ್ಟು ಕೇಳುತ್ತೇನೆ, ಇದರಲ್ಲಿ ನಿನಗೆ ತಿಳಿಯದ್ದು ಯಾವುದು ಎಂದು. ಏನನ್ನೂ ತೋರಿಸದವನ ಕೈಗೆ ಕಟ್ಟುವ ತಂತಿ ಕೊಡುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಹೊಸ ಬಾಲ್ಕನಿಗಳ ಕಾಗದದಲ್ಲಿ ಹೊಸ ಇಂಜಿನಿಯರ್ ಸಹಿಯ ಕೆಳಗೆ ಆಚಾರ್ರು ನನ್ನದನ್ನೂ ಹಾಕಿಸಿದರು. ಆದ್ದರಿಂದ ಪ್ರಾಪ್ ತೆಗೆದ ದಿನ ತುದಿಗೆ ಹೋಗಿ ನಿಲ್ಲುವ ಸರದಿ ನನ್ನದೂ ಆಯಿತು. ನಿಂತೆ. ಗಾಳಿ ಜೋರಾಗಿತ್ತು. ಕೆಳಗೆ ರಸ್ತೆಯ ಆಚೆ, ದೇವದುರ್ಗದಿಂದ ಬಸ್ಸಿನಲ್ಲಿ ಬಂದಿದ್ದ ಲಚ್ಚಿ ತಲೆ ಎತ್ತಿ ನಿಂತಿದ್ದಳು. ಕೆಲಸ ಹೋದ ಮೇಲೆ ಅವಳು ದೇವದುರ್ಗದಲ್ಲೇ ಸಣ್ಣ ಮನೆಗಳ ನಕ್ಷೆ ಬರೆದುಕೊಂಡಿದ್ದಳು. ನನ್ನ ಫೋನ್ ಹೊಡೆದುಕೊಂಡಿತು.

"ಬೆನ್ನಿಗೆ ಎಷ್ಟರದು, ಅಣ್ಣಾ?"

"ಹನ್ನೆರಡು ಎಂಎಂ. ನಾಲ್ಕು ಇಂಚಿಗೊಂದು. ಒಳಗ ಒಂಬತ್ತು ಅಡಿ."

"ನೋಡಿ ಹೇಳಾಕತ್ತೀಯೋ, ಹಂಗ ಹೇಳಾಕತ್ತೀಯೋ?"

ಫೋನನ್ನು ಕಿವಿ, ಹೆಗಲಿನ ನಡುವೆ ಒತ್ತಿಕೊಂಡು, ಎರಡೂ ಕೈಯಲ್ಲಿ ಶೀಟ್ ಹಿಡಿದು, ಅವಳಿಗೆ ಕಾಣುವಂತೆ ಮೇಲೆತ್ತಿದೆ.