ಸಮುದ್ರದಾಚೆಯ ದನಿ

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಎದುರು ಎಸ್‌ಟಿಡಿ ಬೂತ್ ನಡೆಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು; ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಗಲ್ಫಿಗೆ ಹೋದ ಗಂಡಂದಿರ ಜೊತೆ ಪಿಸುಗುಟ್ಟುವ ಹೆಂಗಸರಿಗೆ, "ಜೋರಾಗಿ ಮಾತಾಡವ್ವಾ, ಸಮುದ್ರ ದಾಟ್ಬೇಕು!" ಎಂದು ಗಾಜಿನ ಬಾಗಿಲು ಬಡಿಯುತ್ತಿದ್ದಳು. ಕಾಲೇಜು ಬಿಟ್ಟಮೇಲೆ ಬಸ್ಸಿಗಾಗಿ ನಾನು ಅಲ್ಲೇ ಕಾಯುತ್ತಿದ್ದೆ.

ಒಂದು ಸಂಜೆ ನುಗ್ಗೇಹಳ್ಳಿಯ ಹೆಂಗಸೊಬ್ಬಳು ರಿಸೀವರ್ ಹಿಡಿದು ಅಳುತ್ತಿದ್ದಳು. ಅವಳ ಗಂಡನನ್ನು ಕುವೈತಿಗೆ ಕಳಿಸಿದ್ದ ಏಜೆಂಟ್ ಹೊರಗೆ ನಿಂತು, "ಖುಷಿಗೆ ಅಳ್ತಾವ್ಳೆ," ಎಂದು ನಕ್ಕ.

ಅಕ್ಕ ಎದ್ದು ಒಳಗೆ ಹೋದಳು. "ಸ್ಪೀಕರ್ ಆಕ್ಲೇನವ್ವಾ?" ಎಂದಳು. ಹೆಂಗಸು ಹೂಂ ಎಂದು ತಲೆಯಾಡಿಸಿದಳು.

"ಡ್ರೈವರ್ ಕೆಲ್ಸ ಅಂದ್ಬುಟ್ಟು ಮರಳುಗಾಡಲ್ಲಿ ಒಂಟೆ ಕಾಯಿಸ್ತಾವ್ರೆ ಕಣೇ. ಪಾಸ್‌ಪೋರ್ಟೂ ಕಿತ್ಕೊಂಡವ್ರೆ," ಎಂಬ ಗಂಡನ ದನಿ ರಸ್ತೆಗೆ ಕೇಳಿತು.

ಏಜೆಂಟ್ ಒಳಗೆ ನುಗ್ಗಿ ಸ್ಪೀಕರ್ ಬಟನ್ನಿಗೆ ಕೈ ಚಾಚಿದ. ಅಕ್ಕ ಆ ಕೈಗೇ ಬಾರಿಸಿದಳು. "ನಿನ್ ಮಗನ್ನ ಕಳ್ಸಲಾ ಒಂಟೆ ಕಾಯಕ್ಕೆ! ಆಗ್ಲೂ ಇಂಗೇ ನಗ್ತೀಯಾ ನೋಡಾನ!"

ಏಜೆಂಟನ ಜೊತೆ ಬಂದು ಹೊರಗೆ ನಿಂತಿದ್ದ, ಕುವೈತಿಗೆ ಹೊರಟಿದ್ದ ಇಬ್ಬರು ತಮ್ಮ ಪಾಸ್‌ಪೋರ್ಟುಗಳನ್ನು ಅವನ ಚೀಲದಿಂದ ಅಲ್ಲೇ ಕಿತ್ತುಕೊಂಡರು.

ಆ ಗಂಡ ಊರು ಸೇರಲು ವರ್ಷ ಹಿಡಿಯಿತು. ಅಷ್ಟರೊಳಗೆ ಏಜೆಂಟ್ ಹಾಸನದಲ್ಲಿ ಹೊಸ ಹೆಸರಿನ ಬೋರ್ಡು ಹಾಕಿದ್ದ. ಸುದ್ದಿ ಕೇಳಿದ ಅಕ್ಕ ಬೂತಿಗೆ ಬೀಗ ಜಡಿದು, ಆ ಹೆಂಗಸನ್ನೂ ಗಂಡನನ್ನೂ ಕರೆದುಕೊಂಡು ಹಾಸನದ ಬಸ್ಸು ಹತ್ತಿದಳು.