ಮಹಾಕೂಟದ ಗುಡ್ಡದಲ್ಲಿ ಸೈಕಲ್ ದಾರಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಾದಾಮಿಯ ಅರಿವೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ವಾರದ ರಜೆ ಬಂತೆಂದರೆ ನಾನೂ, ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯನೂ ಗುಡ್ಡದ ಕಾಲುದಾರಿ ಹಿಡಿದು ಮಹಾಕೂಟದ ಗುಡಿಗೆ ಸೈಕಲ್ ಹೊಡೆಯುತ್ತ ಹೊರಡುತ್ತಿದ್ದೆವು. ಡಾಂಬರು ರಸ್ತೆ ಇತ್ತು. ಆದರೆ ಕೆಂಪು ಬಂಡೆಯ ಮೇಲೆ ಕುಲುಕಾಡುತ್ತ ಇಳಿಯುವ ಖುಷಿ ಅಲ್ಲಿ ಎಲ್ಲಿ ಸಿಗಬೇಕು? ಗೆಳೆಯ ಹಳೆಯ ಸೈಕಲ್ಲುಗಳ ಮಡ್‌ಗಾರ್ಡ್, ಕ್ಯಾರಿಯರ್ ಬಿಚ್ಚಿ ಹಗುರ ಮಾಡಿದ್ದ. ನಮ್ಮ ಹುಚ್ಚು ನೋಡಿ ಮತ್ತೆ ನಾಲ್ಕಾರು ಮಂದಿ ಸೇರಿಕೊಂಡರು.

ಒಂದು ಮುಂಜಾನೆ ಹೋದಾಗ ದಾರಿಗೆ ಅಡ್ಡ ಜಾಲಿಮುಳ್ಳು ಹಾಕಿತ್ತು. ಪಕ್ಕದಲ್ಲಿ ಅರಣ್ಯ ಇಲಾಖೆಯ ಗಾರ್ಡ್ ನಿಂತಿದ್ದರು. ಆ ಗುಡ್ಡದ ಸಸಿಗಳ ಉಸ್ತುವಾರಿ ಅವರದು.

"ನಡಕೊಂಡು ಹೋಗೋರು ಹೋಗಬಹುದು. ಸೈಕಲ್ ಬ್ಯಾಡ," ಎಂದರು.

ಗೆಳೆಯ ಜಗಳಕ್ಕೆ ನಿಂತ. ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. "ಯಾಕ್ರಿ, ಸೈಕಲ್ ಏನ್ ಮಾಡ್ಯಾವು?" ಎಂದೆ.

"ಬರ್ರಿ, ತೋರಸ್ತೇನಿ."

ಇಳಿಜಾರಿಗೆ ಕರೆದೊಯ್ದರು. ನಾವು ಬ್ರೇಕ್ ಹಿಡಿದು ಇಳಿಯುತ್ತಿದ್ದ ಕಡೆಯೆಲ್ಲ ಗಾಲಿಯ ಗುರುತೇ ಕೊರಕಲಾಗಿತ್ತು. ಕೆಳಗೆ ಬೇವಿನ ಸಸಿಗಳ ಬೇರುಗಳು ಬಯಲಾಗಿದ್ದವು.

"ನೀವು ನೆಟ್ಟಗ ಇಳೀತೀರಿ. ನಿಮ್ಮ ಹಿಂದ ಮಳಿ ನೀರೂ ನೆಟ್ಟಗ ಇಳೀತೈತಿ," ಎಂದರು.

ಅಷ್ಟು ಸಲ ಹಾದುಹೋದರೂ ನಾನು ಅದನ್ನು ಕಂಡಿರಲಿಲ್ಲ. "ಹಂಗಾರ ದಾರಿನ ಗುಡ್ಡಕ್ಕ ಅಡ್ಡಡ್ಡ ತಿರುಗಿಸಿದ್ರ?" ಎಂದೆ.

"ತಿರುಗಿಸೋರು ಯಾರು?"

"ನಾವ ತಿರುಗಿಸ್ತೇವಿ," ಎಂದ ಗೆಳೆಯ, ಜಗಳ ಮರೆತು.

ಗಾರ್ಡ್ ಮೇಲಧಿಕಾರಿಗಳನ್ನು ಕೇಳಿ ಬಂದರು. ಗಿಡ ಕಡಿಯಬಾರದು, ಗುಡಿಯ ಹಳೆಯ ಕಲ್ಲು ಮುಟ್ಟಬಾರದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು. ಅಂದಿನಿಂದ ರಜೆ ಬಂದಾಗಲೆಲ್ಲ ಹಾರೆ, ಸಲಿಕೆ, ಬುಟ್ಟಿ ಹಿಡಿದು ಗುಡ್ಡಕ್ಕೆ ಹೋದೆವು. ಅವರು ಸುತ್ತುದಾರಿಯ ಗುರುತು ಹಾಕಿದರು; ನಾವು ಅಗೆದೆವು. ನೀರು ತಡೆಯಲೆಂದು ದಾರಿಗೆ ಅಡ್ಡ ಕಲ್ಲಿನ ಸಾಲು ಕೂಡಿಸಿದೆವು. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿ ಎಲ್ಲರೂ ಒಂದೇ ನೆರಳಲ್ಲಿ ಕೂತು ಉಣ್ಣುತ್ತಿದ್ದೆವು.

ಮೊದಲ ದೊಡ್ಡ ಮಳೆ ಬಂದಾಗ ನನಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಗೋಣಿಚೀಲ ತಲೆಗೆ ಹಾಕಿಕೊಂಡು ಗುಡ್ಡ ಹತ್ತಿದೆ. ಗಾರ್ಡ್ ಆಗಲೇ ಅಲ್ಲಿದ್ದರು, ತಲೆಯ ಮೇಲೆ ನನ್ನಂಥದೇ ಗೋಣಿಚೀಲ. ನಮ್ಮ ಕಲ್ಲಿನ ಹಿಂದೆ ನೀರು ಮಡುಗಟ್ಟಿತು, ಉಕ್ಕಿತು, ಮೇಲಿಂದ ಹಾರಿ ಹೊಸ ಕೊರಕಲನ್ನೇ ತೋಡಿತು.

"ಇಬ್ರೂ ಕೂಡಿ ಕೆಡಿಸಿದ್ವಿ ನೋಡ್ರಿ!" ಎಂದು ಅವರು ನಕ್ಕುಬಿಟ್ಟರು.

ನಾನು ಒಂದು ಕಲ್ಲನ್ನು ಓರೆಯಾಗಿ ಸರಿಸಿ ನೋಡಿದೆ. ನೀರು ಅದರ ಬದಿ ಹಿಡಿದು ಪಕ್ಕದ ಹುಲ್ಲಿಗೆ ಹೋಯಿತು. ಅವರು ಇನ್ನೊಂದನ್ನು ಸರಿಸಿದರು. ಮಳೆ ನಿಲ್ಲುವವರೆಗೂ ಇಬ್ಬರೂ ಮಕ್ಕಳ ಹಾಗೆ ನೀರಾಟವಾಡಿದೆವು. ಮುಂದಿನ ವಾರ ಎಲ್ಲ ಸಾಲುಗಳನ್ನೂ ಓರೆಯಾಗಿ ಕೂಡಿಸಿದೆವು.

ದಾರಿಯೇನೋ ಮಳೆಗೆ ಕೊಚ್ಚಿಹೋಗದೆ ಉಳಿಯಿತು. ಆದರೆ ಅಮಾವಾಸ್ಯೆಗೆ ಮಹಾಕೂಟಕ್ಕೆ ಹೊರಟಿದ್ದ ಮುದುಕಿಯೊಬ್ಬಳು ತಿರುವಿನಲ್ಲಿ ಗೆಳೆಯನ ಸೈಕಲ್ಲಿಗೆ ಬೆದರಿ ಪೊದೆಯೊಳಗೆ ಸರಿದಳು. ಸೀರೆ ಮುಳ್ಳಿಗೆ ಸಿಕ್ಕಿತ್ತು.

"ಯಪ್ಪಾ, ನಾ ಬದುಕಿ ದೇವ್ರನ್ನ ನೋಡ್ಬೇಕೋ, ಸತ್ತು ನೋಡ್ಬೇಕೋ?" ಎಂದಳು.

ಗೆಳೆಯ ನಾಚಿ ಮುಳ್ಳು ಬಿಡಿಸಿಕೊಟ್ಟ. "ಏನ್ ಮಾಡಿದ್ರ ನಿನಗ ಅಂಜಿಕಿ ಆಗೂದಿಲ್ಲ, ಆಯಿ?" ಎಂದು ನಾನು ಕೇಳಿದೆ.

"ಇಲ್ಲಿ ಇಳಿದು ನಡೀರಿ. ನಿಮಗೇನ ಕಾಲಿಲ್ಲೇನು?"

ಸರಿ, ತಿರುವಿನ ಎರಡೂ ಕಡೆ ದೊಡ್ಡ ಕಲ್ಲು ನಿಲ್ಲಿಸಿ, ಸೈಕಲ್ ತಳ್ಳಿಕೊಂಡೇ ದಾಟುವಷ್ಟು ಸಂದು ಬಿಟ್ಟೆವು. ನಮ್ಮಲ್ಲಿ ಕೆಲವರು ಗೊಣಗಿದರು, ಆಮೇಲೆ ರೂಢಿಯಾಯಿತು. ಯಾತ್ರಿಕರು ನಮ್ಮನ್ನು ಕಂಡರೆ ಬೈಯುವುದು ಬಿಟ್ಟು, ಮಾತಾಡಿಸತೊಡಗಿದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ದಿನ ಗಾರ್ಡ್ ಟೋಪಿ ತೆಗೆದು ನನ್ನ ಕೈಗಿತ್ತು, "ಒಂದ್ಸಲ ನನಗೂ ಕೊಡ್ರಿ," ಎಂದು ಗೆಳೆಯನ ಸೈಕಲ್ ಹತ್ತಿದರು. ಸುತ್ತುದಾರಿಯಲ್ಲಿ ಅವರ ಕೂಗು ಕೆಳಗಿನ ತನಕ ಕೇಳಿಸಿತು. ಭಯವೋ, ಸಂತೋಷವೋ ನಮಗೆ ತಿಳಿಯಲಿಲ್ಲ. ಮುಂದಿನ ವಾರ ಸ್ವಂತ ಸೈಕಲ್ಲಿನ ಕ್ಯಾರಿಯರ್ ಬಿಚ್ಚಿಸಲು ಅವರೇ ಗೆಳೆಯನ ಅಂಗಡಿಗೆ ಬಂದರು.