ಫ್ಯೂಸ್ ಬಾಕ್ಸಿನ ಕೆಳಗಿನ ದೇವರಮನೆ

ಮ್ಯಾಂಚೆಸ್ಟರಿನಲ್ಲಿ ನಾವು ಕೊಂಡ ಮನೆ ಹಳೆಯದು. ಎರಡು ಮಹಾಯುದ್ಧಗಳ ನಡುವೆ ಕಟ್ಟಿದ್ದಂತೆ. ಕೆಂಪು ಇಟ್ಟಿಗೆ, ಬೀದಿಗೆ ಮುಖ ಮಾಡಿದ ದೊಡ್ಡ ಕಿಟಕಿ, ಎದುರಿಗೇ ಬಸ್ ಸ್ಟಾಪ್. ನಮ್ಮ ಮನೆಯವರು ವಿದನ್‌ಶಾ ಕಡೆಯ ಆಸ್ಪತ್ರೆಯಲ್ಲಿ ಡಾಕ್ಟರು. ಕೆಲಸಕ್ಕೆ ಹತ್ತಿರ ಅಂತ ಅದನ್ನೇ ಹಿಡಿದೆವು. ಎಲ್ಲ ಇತ್ತು, ದೇವರಮನೆ ಒಂದಿರಲಿಲ್ಲ. ಅದಕ್ಕೆ ನನಗೆ ಸಿಕ್ಕಿದ್ದು ಮಹಡಿ ಮೆಟ್ಟಿಲ ಕೆಳಗಿನ ಕಬೋರ್ಡು.

ಇಲ್ಲಿನವರು ಅದರೊಳಗೆ ವ್ಯಾಕ್ಯೂಮ್ ಕ್ಲೀನರು, ಹಳೇ ಶೂ, ಮುರಿದ ಛತ್ರಿ ತುಂಬುತ್ತಾರೆ. ನಾನು ಒರೆಸಿ, ಬಿಳಿ ಬಣ್ಣ ಬಳಿದು, ಪುಟ್ಟ ಮಂಟಪ ಇಟ್ಟೆ. ಒಬ್ಬರು ಕೂರುವಷ್ಟು ಜಾಗ. ದೇವರಿಗೆ ಪೂರ್ವದ ಮುಖ ಸಿಕ್ಕಿತು. ಕದ ಎಳೆದುಕೊಂಡರೆ ಊದುಬತ್ತಿಯ ಹೊಗೆಗೆ ಹೊರಗಿನ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತಲೂ ಇರಲಿಲ್ಲ. ಮಂಟಪದ ಮೇಲ್ಗಡೆ ಗೋಡೆಗೆ ಒಂದು ಮರದ ಹಲಗೆ, ಆ ಹಲಗೆಯ ಮೇಲೆ ಕರೆಂಟಿನ ಮೀಟರು ಮತ್ತು ಕಂದು ಬಣ್ಣದ ಹಳೇ ಫ್ಯೂಸ್ ಬಾಕ್ಸು. ಅದರ ಕೆಳಗೇ ನನ್ನ ಎಣ್ಣೆ ದೀಪ. ಇದು ತಪ್ಪು ಅಂತ ಒಂದು ದಿನವೂ ಹೊಳೆಯಲಿಲ್ಲ. ಮನೆಗೆಲ್ಲ ಬೆಳಕು ಬರುವುದು ಅಲ್ಲಿಂದ, ಅದು ದೇವರ ಪಕ್ಕದಲ್ಲೇ ಇದೆ, ಎಂಥ ಪುಣ್ಯ ಅಂದುಕೊಂಡಿದ್ದೆ. ಆಯುಧಪೂಜೆಗೆ ಕಾರು, ಮಿಕ್ಸಿಗಳ ಜೊತೆ ಅದಕ್ಕೂ ಅರಿಶಿನ ಕಲಸಿ ಹಚ್ಚಿ, ಕುಂಕುಮ ಇಟ್ಟು, ಸ್ವಿಚ್ಚಿನ ಸಂದಿಗೆ ಒದ್ದೆ ಹೂವು ಸಿಕ್ಕಿಸುತ್ತಿದ್ದೆ.

ಆ ಕಬೋರ್ಡಿನಲ್ಲಿ ಪೂಜೆ ಅಷ್ಟೇ ನಡೆಯುತ್ತಿರಲಿಲ್ಲ. ನಾನು ಅಲ್ಲಿ ಮಾತಾಡುತ್ತಿದ್ದೆ. ಮಗಳು ಓದಲು ಲೀಡ್ಸ್‌ಗೆ ಹೋಗಿದ್ದಳು. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಚುಟುಕಾಗಿ ಉತ್ತರ ಬರುತ್ತಿತ್ತು. ಇವರದು ರೋಟಾ; ಹಗಲು ರಾತ್ರಿ ತಿರುಗುಮುರುಗು. ಮನೆಯಲ್ಲಿದ್ದಾಗ ನಿದ್ದೆ. ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ನನ್ನ ಬಾಯಿಂದ ಹೊರಬಿದ್ದ ಮಾತು ಅಂದರೆ ಬಸ್ ಡ್ರೈವರಿಗೆ ಹೇಳಿದ ಥ್ಯಾಂಕ್ಯೂ ಒಂದೇ. ಹಾಗಾಗಿ ಮಂಗಳಾರತಿ ಮುಗಿದ ಮೇಲೆ ಕದ ಹಾಕಿಕೊಂಡು, ಕಾಲು ಮಡಚಿ ಕೂತು, ದೇವರಿಗೆ ಎಲ್ಲ ಒಪ್ಪಿಸುತ್ತಿದ್ದೆ. ಹುಳಿಗೆ ಉಪ್ಪು ಹೆಚ್ಚಾದದ್ದು, ಮಂಡಿ ನೋವು, ಮಗಳ ಧ್ವನಿ ಯಾಕೋ ಸಣ್ಣಗಿದ್ದದ್ದು, ಎಲ್ಲ ಗಟ್ಟಿಯಾಗಿಯೇ. ಕದ ಮುಚ್ಚಿದರೆ ಯಾರಿಗೂ ಕೇಳುತ್ತಿರಲಿಲ್ಲ. ಕೇಳಲು ಯಾರೂ ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಒಂದು ಬೆಳಿಗ್ಗೆ ದೋಸೆಗೆ ರುಬ್ಬಲು ಗ್ರೈಂಡರ್ ಹಾಕಿ, ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೆಟಲ್ಲನ್ನೂ ಸೇರಿಸಿದೆ. ಸುಟ್ಟ ವಾಸನೆ ಬಂತು. ನೋಡಿದರೆ ಗೋಡೆಯ ಪ್ಲಗ್ ಪಾಯಿಂಟು ಕಂದಾಗಿ, ಅಂಚು ಕರಗಿತ್ತು. ನಾನು ಪಕ್ಕದಲ್ಲೇ ಇದ್ದೆ, ಕೈ ಒಣಗಿತ್ತು, ಸ್ವಿಚ್ ಆರಿಸಿದೆ. ಅದು ಭಗವಂತನ ದಯೆ. ಇವರು ಬಂದು ಮೂಸಿ ನೋಡಿ, ಇನ್ನು ತಡ ಮಾಡುವುದು ಬೇಡ ಎಂದು ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದರು.

ಬಂದವನು ಈ ಊರಿನವನೇ, ಐವತ್ತು ದಾಟಿದ ದಪ್ಪ ಮನುಷ್ಯ. ಮಾತು ಮಾತಿಗೆ ಲವ್ ಅನ್ನುತ್ತಿದ್ದ. ಇಲ್ಲಿ ಅಂಗಡಿಯವರೂ ಹಾಗೇ ಅನ್ನುತ್ತಾರೆ, ನಮ್ಮ ಕಡೆ ಅಮ್ಮಾ ಅಂದ ಹಾಗೆ. ಇವರು ಡ್ಯೂಟಿಗೆ ಹೋಗಿದ್ದರು. ಅಡುಗೆಮನೆ ನೋಡಿ ಮುಗಿಸಿ, ಫ್ಯೂಸ್ ಬಾಕ್ಸು ಎಲ್ಲಿ ಅಂತ ಕೇಳಿದ. ಕಬೋರ್ಡು ತೆರೆದು ತೋರಿಸಿದೆ. ಶೂ ಬಿಚ್ಚಬೇಕಾ ಅಂತ ಅವನೇ ಕೇಳಿ ಬಿಚ್ಚಿದ. ಟಾರ್ಚು ಬಿಟ್ಟು ಬಾಕ್ಸಿನ ಹತ್ತಿರಕ್ಕೆ ಮುಖ ಒಯ್ದ.

"ಈ ಹಳದಿ ಏನು ಲವ್? ತುಕ್ಕಾ?"

ಅರಿಶಿನ ಅಂದೆ.

"ಅಡುಗೆಗೆ, ಕರಿಗೆ ಹಾಕೋದಾ?"

ಹೌದು ಅಂದೆ. ನನ್ನ ಇಂಗ್ಲಿಷಿನಲ್ಲಿ ಆಯುಧಪೂಜೆಯನ್ನು ಹೇಗೆ ಹೇಳುವುದು? ವರ್ಷಕ್ಕೊಂದು ಸಲ ಇದಕ್ಕೆ ಥ್ಯಾಂಕ್ಸ್ ಹೇಳುತ್ತೇವೆ ಅಂದೆ. ಅವನು ತಲೆ ಕೆರೆದುಕೊಂಡ.

"ಥ್ಯಾಂಕ್ಸ್ ಬಾಯಲ್ಲಿ ಹೇಳಿ ಸಾಕು. ನೀರು ಮುಟ್ಟಿಸಬೇಡಿ."

ನನಗೂ ನಗು ಬಂತು. ಆಮೇಲೆ ಅವನು ಹಲಗೆ ತೋರಿಸಿದ. ಅದರ ಕೆಳಗಿನ ಅಂಚೆಲ್ಲ ನನ್ನ ದೀಪದ ಮಸಿಯಿಂದ ಕಪ್ಪಾಗಿತ್ತು. ಮೇನ್ ಆಫ್ ಮಾಡಿ ಮುಚ್ಚಳ ಬಿಚ್ಚಿದ. ಒಂದು ಹಳೇ ವೈರಿನ ರಬ್ಬರು ಅವನ ಬೆರಳು ತಾಗಿದ್ದಕ್ಕೇ ಪುಡಿಯಾಗಿ ನನ್ನ ಕೃಷ್ಣನ ತಲೆ ಮೇಲೆ ಉದುರಿತು. ಮನೆಗೆಲ್ಲ ಹೊಸ ವೈರು ಎಳೆಯಬೇಕು, ಹೊಸ ಕಬ್ಬಿಣದ ಬಾಕ್ಸು ಇಲ್ಲೇ ಬರುತ್ತದೆ, ಈ ದೀಪ ಮಾತ್ರ ಇಲ್ಲಿರಬಾರದು ಅಂದ. ಹೊಸದು ಕಬ್ಬಿಣದ ಬಾಕ್ಸು ಅಂತೀರಲ್ಲ, ದೀಪ ಇನ್ನಷ್ಟು ಕೆಳಗಿಟ್ಟರೆ ಆಗದೇ ಅಂತ ಕೇಳಿಕೊಂಡೆ. ಆಗಲ್ಲ ಅಂದ.

"ಕದ ಹಾಕ್ಕೊಂಡು ಕೂರ್ತೀರಾ ಒಳಗೆ?"

ಹೂಂ ಅಂದೆ. ಯಾಕೆ ಅಂತ ಕೇಳಲಿಲ್ಲ. ಅಲಾರಮ್ಮಿನ ಕಾರಣ ನಾನೇ ಹೇಳಿದೆ. ನಿಜವಾದ ಕಾರಣ ಹೇಳಲಿಲ್ಲ.

ಮೈಸೂರಿನಲ್ಲಿದ್ದ ಅತ್ತೆಗೆ ಫೋನ್ ಮಾಡಿದೆ. ದೇವರನ್ನು ಸಾಮಾನಿನ ಹಾಗೆ ಎತ್ತಿಡಬೇಡ, ಶುಕ್ರವಾರ ನೋಡಿ, ಹಾಲು ನೈವೇದ್ಯ ಮಾಡಿ ಕರೆದುಕೊಂಡು ಹೋಗು ಅಂದರು. ಹಾಗೇ ಮಾಡಿದೆ. ಪೂರ್ವದ ಮುಖ ಸಿಗುವ ಇನ್ನೊಂದು ಜಾಗ ಅಂದರೆ ಮುಂದಿನ ರೂಮಿನಲ್ಲಿ ಊಟದ ಮೇಜಿನ ಪಕ್ಕದ ಗೋಡೆ. ಕದ ಇಲ್ಲ, ಮರೆ ಇಲ್ಲ. ಬಸ್ಸಿಗೆ ಕಾಯುವವರಿಗೆ ನನ್ನ ಬೆನ್ನು ಕಾಣುತ್ತಿತ್ತು.

ವೈರು ಎಳೆಯುವಷ್ಟು ದಿನ ಮನೆಯಲ್ಲಿ ಗದ್ದಲ. ಗೋಡೆ ಕೊರೆದರು, ನೆಲದ ಹಲಗೆ ಎಬ್ಬಿಸಿದರು, ಪಾತ್ರೆಗಳ ಮೇಲೆಲ್ಲ ಧೂಳು. ಆದರೂ ನನಗೆ ಹಿತವಾಗಿತ್ತು ಅಂದರೆ ಯಾರು ನಂಬುತ್ತಾರೆ. ಟೀ ಬೇಕಾ ಅಂತ ಕೇಳಿದರೆ ಬೇಕು ಅನ್ನುವವರಿದ್ದರು. ಕೊನೆಯ ದಿನ ಆ ಮನುಷ್ಯ ಹೊಸ ಬಾಕ್ಸಿನ ಒಂದು ಗುಂಡಿ ಒತ್ತಿ ತೋರಿಸಿದ. ಟಕ್ ಅಂತ ಕರೆಂಟು ಹೋಯಿತು. ಎಲ್ಲಾದರೂ ಕರೆಂಟು ಸೋರಿದರೆ ಹೀಗೆ ತಾನೇ ನಿಲ್ಲುತ್ತದೆ, ಆಗಾಗ ಒತ್ತಿ ನೋಡಿ ಅಂತ ಹೇಳಿ ಹೋದ. ವ್ಯಾನು ಹೋದ ಮೇಲೆ ಫ್ರಿಜ್ಜಿನ ಸದ್ದೊಂದೇ ಉಳಿಯಿತು.

ಮರುದಿನ ಹೊಸ ಜಾಗದಲ್ಲಿ ಮಂಗಳಾರತಿ ಮಾಡಿ ಕೂತೆ. ಶ್ಲೋಕ ಬಂತು, ಮಾತು ಬರಲಿಲ್ಲ. ಕಿಟಕಿಗೆ ಪರದೆ ಎಳೆದೆ, ಆದರೂ ಬರಲಿಲ್ಲ. ಬಟ್ಟ ಬಯಲಲ್ಲಿ ಕೂತ ಹಾಗೆ. ದೇವರು ಎಲ್ಲಿದ್ದರೂ ದೇವರೇ, ಗೊತ್ತು. ಆದರೆ ಮನಸ್ಸಿನಲ್ಲೇ ಹೇಳಿಕೊಂಡರೆ ಹೇಳಿದ ಹಾಗಾಗುತ್ತಿರಲಿಲ್ಲ. ಆ ಹಳೇ ಬಾಕ್ಸಿನ ಕೆಳಗೆ ಸುಟ್ಟು ಸಾಯದೆ ಉಳಿದೆನಲ್ಲ, ಇನ್ನೇನು ಬೇಕು ಅಂತ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಚಳಿಗಾಲ ಪೂರ್ತಿ ಮೂಕಿಯ ಹಾಗೆ ಪೂಜೆ ಮಾಡಿದೆ. ಕೆಲವು ಸಲ ಖಾಲಿ ಕಬೋರ್ಡಿನ ಕದ ತೆರೆದು, ಒಳಗೆ ಹೋಗದೆ, ಹಾಗೇ ಮುಚ್ಚುತ್ತಿದ್ದೆ.

ಮಾರ್ಚ್ ತಿಂಗಳಿರಬೇಕು. ಇವರು ನೈಟ್ ಡ್ಯೂಟಿ ಮುಗಿಸಿ ಬಂದು, ನನ್ನ ಬೆನ್ನ ಹಿಂದೆ ಮೇಜಿಗೆ ಕೂತು ಅವಲಕ್ಕಿ ತಿನ್ನುತ್ತಿದ್ದರು. ಗಂಟೆಯ ಸದ್ದಿನಲ್ಲಿ ನನಗೆ ಅದು ಗೊತ್ತಾಗಿರಲಿಲ್ಲ, ಆಗಲೇ ಮಹಡಿಗೆ ಮಲಗಲು ಹೋದರು ಅಂತ ತಿಳಿದಿದ್ದೆ. ಹೂವಿಡುತ್ತಾ ಬಾಯಿ ತಾನಾಗಿ ತೆರೆಯಿತು. "ನೋಡಪ್ಪಾ, ಇವರು ರಾತ್ರಿಯೆಲ್ಲ ನಿಂತೇ ಇರ್ತಾರೆ. ಹೊಟ್ಟೆಗೆ ಏನಾದ್ರೂ ತಿಂದಿರ್ತಾರೋ ಇಲ್ವೋ, ಕೇಳೋರು ಯಾರು?"

"ತಿಂದೆ ಕಣೇ," ಹಿಂದಿನಿಂದ ಇವರ ದನಿ ಬಂತು. "ಕ್ಯಾಂಟೀನಲ್ಲಿ ಒಂದು ಸ್ಯಾಂಡ್‌ವಿಚ್."

ನಾನು ತಿರುಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇವರು ಚಮಚ ತಟ್ಟೆಯಲ್ಲಿಟ್ಟ ಸದ್ದಾಯಿತು.

"ಇನ್ನೇನು ಹೇಳ್ತೀಯೆ ಅವನಿಗೆ?" ಅಂದರು.

ಹೇಳಲು ಬಹಳ ಇತ್ತು. ಮಂಡಿ ನೋವು ಅಂದೆ. ನನ್ನ ಕೈ ಹಿಡಿದ ಡಾಕ್ಟರು, ಎಷ್ಟು ದಿನದಿಂದ ಅಂತ ಆಗ ಕೇಳಿದರು. ಹೇಳಿದೆ. ಆಮೇಲೆ ಅವರು ತಟ್ಟೆ ತೊಳೆದಿಟ್ಟು ಮಲಗಲು ಹೋದರು, ಮನೆ ಮತ್ತೆ ಸದ್ದಿಲ್ಲದಾಯಿತು. ನಾನು ದೀಪದ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂತು, ಮಹಡಿಯವರೆಗೆ ಕೇಳದಷ್ಟು ಮೆಲ್ಲಗೆ, ಉಳಿದದ್ದನ್ನು ಹೇಳಿದೆ.